ಒಂದರಲ್ಲಿ ನಿಲ್ಲದ ರೇವಣಸಿದ್ದ

ರಾಯಚೂರಿನ ಗಂಜ್ ಹಿಂದಿನ ಬಾಡಿಗೆ ಕೋಣೆಯಲ್ಲಿ ಆ್ಯಪ್ ಕಟ್ಟುವ ರೇವಣಸಿದ್ದನಂಥವರು ಈಗ ಓಣಿಗೊಬ್ಬರು ಸಿಗುತ್ತಾರೆ. ಯಾವ ತಂತ್ರಜ್ಞಾನದಲ್ಲಿ ಕಟ್ಟಬೇಕೆಂಬುದೇ ಇವರಿಗೆ ಬಗೆಹರಿಯುವುದಿಲ್ಲ. ಇವನೂ ಹಾಗೇ: ಸೋಮವಾರ ರಿಯಾಕ್ಟ್ ಅನ್ನುತ್ತಾನೆ, ಸಂತೆಯ ದಿನಕ್ಕೆ ಫ್ಲಟರ್‌ಗೆ ಹಾರಿರುತ್ತಾನೆ, ದೇವದುರ್ಗದ ಬಸ್ ಹತ್ತುವಾಗ ಎರಡನ್ನೂ ಬೈಯುತ್ತಿರುತ್ತಾನೆ. ಕೂತಲ್ಲಿ ಕಾಲು ಕುಣಿಸುತ್ತಾನೆ, ಅರ್ಧ ಕುಡಿದ ಚಹಾವನ್ನೂ ಬದಲಿಸು ಅನ್ನುತ್ತಾನೆ. ನಮ್ಮ ಕೂಲಿಕಾರರ ಸಂಘ ಕೇಳಿದ್ದು ಫೋನಿನಲ್ಲಿ ಒಂದೇ ಗುಂಡಿ: ಒತ್ತಿದರೆ ‘ನನಗೆ ಕೆಲಸ ಬೇಕು’ ಎಂಬ ಉದ್ಯೋಗ ಖಾತ್ರಿಯ ಅರ್ಜಿ ಪಂಚಾಯಿತಿಗೆ ಹೋಗಬೇಕು, ಬಂದೇ ಇಲ್ಲವೆಂದು ಅವರು ಸುಳ್ಳು ಹೇಳುವಂತಿರಬಾರದು. “ಡಿಸಿ ಆಫೀಸಿಗೆ ಮುತ್ತಿಗಿ ಹಾಕಾಕೂ ನಾವು ಇಷ್ಟು ವಿಚಾರ ಮಾಡಿಲ್ಲಲೇ,” ಎಂದು ರೇಗಿದೆ. “ತಡೀರಿ ಕಾಕಾ, ಇದೂ ಸರಿ ಹೋಗವಲ್ದು,” ಎಂದ. ಸಿಟ್ಟಿನಲ್ಲೇ ಒಮ್ಮೆ, ಆ್ಯಪ್ ಒತ್ತಿಸಿ ನೋಡಲು ಹೊರಟ ಅವನ ಜೊತೆ ಮಾನ್ವಿ ಕಡೆಯ ಮಲ್ಲಟಕ್ಕೆ ಹೋದೆ. ಅಲ್ಲಿ ಕೂಲಿಯ ಕರೆಮ್ಮನ ಕೈಗೆ ಫೋನು ಕೊಟ್ಟ. ಹತ್ತಿ ಬಿಡಿಸಿ, ಮಣ್ಣು ಹೊತ್ತು ಆಕೆಯ ಬೆರಳ ತುದಿ ಹಳೆಯ ಚಪ್ಪಲಿಯಂತೆ ದಡ್ಡುಗಟ್ಟಿದೆ. ಒತ್ತಿದಳು, ತಿಕ್ಕಿದಳು, ಪರದೆಯ ಗುಂಡಿಗೆ ಆ ಬೆರಳು ತಾಕಿದ್ದೇ ತಿಳಿಯಲಿಲ್ಲ. “ನನ್ನ ಬಟ್ಟು ಸತ್ತಾವ ನೋಡಪಾ,” ಎಂದಳು. ಸುತ್ತ ನೆರೆದಿದ್ದ ಹೆಂಗಸರೆಲ್ಲ ನಕ್ಕರು, ಇವನು ನಗಲಿಲ್ಲ. “ನಿನ್ನ ಬಟ್ಟು ಬರೋಬರಿ ಅದಾವಬೇ ಯವ್ವಾ, ನನ್ನ ಗುಂಡೀನ ದಂಡ ಐತಿ,” ಎಂದು ಫೋನು ಇಸಿದುಕೊಂಡ. “ಬ್ಯಾರೆ ಯಾರರ ಒತ್ತಿಕೊಟ್ರ ಆತಲ್ಲೋ,” ಎಂದೆ. “ಆಕಿ ಕೆಲಸ ಕೇಳಾಕ ಮತ್ತೊಬ್ಬರ ಬಟ್ಟು ಯಾಕ ಬೇಕ್ರಿ?” ಎಂದ. ತಿರುಗಿ ಬರುವ ಬಸ್ಸಿನಲ್ಲೇ ಕಟ್ಟಿದ್ದನ್ನೆಲ್ಲ ಅಳಿಸಿ ಮತ್ತೆ ಶುರುಮಾಡಿದ: ಈ ಸಲ ಪರದೆಯಿಡೀ ಗುಂಡಿ, ಅಂಗೈ ಊರಿದರೂ ಅರ್ಜಿ ಹೋಗುವಂಥದ್ದು.