ಅಮೃತಾ ಮೂರನೆಯ ಮೀಟರನ್ನು ಮಾತಾಡಿಸಿದ ದಿನ

ನನ್ನ ಮೊಮ್ಮಗಳು ಅಮೃತಾ ಹುಟ್ಟಿದ್ದು ಬೇವೂರಿನಲ್ಲಿ, ಬೆಳೆದದ್ದು ನನ್ನ ಕೈಯಲ್ಲಿ. ಈಗ ಭಾಗ್ಯನಗರದ ವರ್ಕ್‌ಶಾಪೊಂದರಲ್ಲಿ ಕಾರ್ಖಾನೆಗಳ ಕರೆಂಟಿನ ಪೆಟ್ಟಿಗೆ ಜೋಡಿಸುತ್ತಾಳೆ. ಚಿಕ್ಕವಳಿದ್ದಾಗ ನನ್ನ ರೇಡಿಯೋ ಬಿಚ್ಚಿ ತಾಟಿನಲ್ಲಿ ಹರವಿದ್ದಳು. ಬೈದೆ. ಸಂಜೆಗೆ ಅದು ಹಾಡಿತು. ಒಂದು ಸ್ಕ್ರೂ ಮಾತ್ರ ಉಳಿದಿತ್ತು, ಇನ್ನೂ ನನ್ನ ಎಲೆಅಡಿಕೆ ಚೀಲದಲ್ಲಿದೆ. ಇರಲಿ, ಹೇಳಬೇಕಾದದ್ದು ಮಿಲ್ಲಿನ ವಿಷಯ.

ನಾನು ಸಿದ್ದಾಪುರದಲ್ಲಿ ಪಂಪಾಪತಿ ಸಾಹುಕಾರರ ಅಕ್ಕಿ ಮಿಲ್ಲಿನ ಕಸ ಗುಡಿಸುತ್ತೇನೆ, ಹನ್ನೊಂದು ವರ್ಷವಾಯಿತು. ಅಲ್ಲಿ ಕುದಿಸಿದ ಭತ್ತ ಒಣಗಿಸುವ ಡ್ರೈಯರು ಮೂರು, ಕಾವು ತೋರಿಸುವ ಮೀಟರೂ ಮೂರು. ಡ್ರೈಯರು ನಡೆಸುವ ಹಾಜಿಸಾಬ ಅವನ್ನು ನೋಡುತ್ತ ಕೈಯಿಂದಲೇ ಬಿಸಿಗಾಳಿ ಬಿಡುತ್ತಿದ್ದ. ಈ ಸಲ ದಸರೆ ಮುಗಿದ ಮೇಲೆ ಸಾಹುಕಾರರು ಹಳೆಯ ಸ್ವಿಚ್ಚುಗಳನ್ನೆಲ್ಲ ಕೀಳಿಸಿ ಪಿಎಲ್‌ಸಿ ಹಾಕಿಸಿದರು. ತಾನೇ ನೋಡಿಕೊಂಡು ಮಷಿನು ನಡೆಸುವ ಪೆಟ್ಟಿಗೆಯಂತೆ ಅದು. ಮೀಟರುಗಳ ಸುದ್ದಿ ಅದಕ್ಕೆ ಮುಟ್ಟಿಸಲು ಅಂಗೈಯಗಲದ ಮಾಡ್ಯೂಲು. ಅದನ್ನು ಹೊಂದಿಸಲು ಅಮೃತಾ ಮೊದಲ ಸಲ ಒಬ್ಬಳೇ ಬಂದಿದ್ದಳು.

"ಮಾಡ್ಯೂಲು, ಮೀಟರು ಎರಡೂ ಒಂದ ವೇಗದಾಗ ಮಾತಾಡಬೇಕು ಅಜ್ಜಿ. ಒಂದು ಅವಸರ ಮಾಡಿ, ಒಂದು ನಿಧಾನ ಆದ್ರ ಏನೂ ತಿಳಿಯಂಗಿಲ್ಲ."

"ನಿನ್ನಂಗ, ನಿಮ್ಮಪ್ಪನಂಗ ಅನ್ನು," ಎಂದೆ. ನಕ್ಕಳು.

ಆ ನಗು ಮಧ್ಯಾಹ್ನ ಎರಡರವರೆಗೆ ಇತ್ತು. ಎರಡು ಮೀಟರು ಉತ್ತರ ಕೊಟ್ಟವು, ಎರಡು ಡ್ರೈಯರು ಶುರುವಾದವು. ಮೂರನೆಯದು ತುಟಿ ಬಿಚ್ಚಲಿಲ್ಲ. ಅದರಲ್ಲಿ ಬೆಳಿಗ್ಗೆ ಕುದಿಸಿದ ಭತ್ತ ತುಂಬಿತ್ತು. ಸಂಜೆಯೊಳಗೆ ಗಾಳಿ ಹಾಯದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ, ಆ ಅಕ್ಕಿಯನ್ನು ಯಾರೂ ಮುಟ್ಟುವುದಿಲ್ಲ.

"ಏನವಾ, ಆತೇನು?" ಸಾಹುಕಾರರು ಮೂರನೆಯ ಸಲ ಬಂದರು. "ಆಗಂಗಿಲ್ಲಂದ್ರ ಹೇಳಿಬಿಡು. ನಿಮ್ಮ ಮಾಲಕರಿಗೆ ಫೋನ್ ಹಚ್ಚಿ ಬ್ಯಾರೆಯವರನ್ನ ಕರಸ್ತೀನಿ."

"ಒಂದ ತಾಸು ಕೊಡ್ರಿ ಸಾವ್ಕಾರ್ರ."

"ನನ್ನ ಕಣ್ಣು ಬ್ಯಾಡ ಅಂದ್ರಿ," ಎಂದ ಹಾಜಿಸಾಬ. "ಈಗ ಮೀಟರ ಸಿಟ್ಟು ಮಾಡೇತಿ ನೋಡ್ರಿ."

ಅಮೃತಾ ವೈರು ಬದಲಿಸಿದಳು. ಮೀಟರಿನ ನಂಬರು ತಾಳೆ ನೋಡಿದಳು. ಮಾಡ್ಯೂಲಿನ ಪುಸ್ತಕ ಓದಿದಳು, ಮತ್ತೆ ಓದಿದಳು. ನಾನು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿಪಲ್ಯ ಹಾಗೇ ಇತ್ತು. ಹೆಬ್ಬೆರಳಿನ ಉಗುರು ಕಚ್ಚತೊಡಗಿದಳು. ಹತ್ತನೆಯ ಇಯತ್ತೆಯ ರಿಸಲ್ಟಿನ ದಿನ ಹಾಗೆ ಕಚ್ಚಿ ರಕ್ತ ಬರಿಸಿಕೊಂಡಿದ್ದಳು.

"ಇದರ ಬಾಜೂಕ ಸಂದಿನಾಗ ಕೆಂಪಗ ಕಾಣ್ತೈತಿ," ಎಂದಳು. "ಜಂಗೇನು?"

ಅದು ತುಕ್ಕಲ್ಲ, ಕುಂಕುಮ. ಆಯುಧ ಪೂಜೆಗೆ ಎಲ್ಲ ಮೀಟರಿಗೂ ವಿಭೂತಿ, ಕುಂಕುಮ ಹಚ್ಚಿದವಳು ನಾನು. ಮೂರನೆಯದರ ಸಂದಿಯೊಳಗೆ ಕುಂಕುಮ ಉದುರಿತ್ತು. ಮರುದಿನ ಕಸಬರಿಗೆ ಕಡ್ಡಿ ಹಾಕಿ ಕೆರೆದಿದ್ದೆ. ಒಳಗೆ ಏನೋ ಟಿಕ್ ಎಂದಿತ್ತು. ಮೀಟರಿನಲ್ಲಿ ಅಂಕಿ ಕಾಣುತ್ತಲೇ ಇದ್ದುದರಿಂದ ಸುಮ್ಮನಾಗಿದ್ದೆ.

ಸಾಹುಕಾರರು ಫೋನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದರು. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಹುಡುಗಿಯದು.

"ಫೋನ್ ಹಚ್ಚಬ್ಯಾಡ್ರೀ ಯಪ್ಪಾ," ಎಂದೆ. "ತಪ್ಪು ನಂದೈತಿ. ಅದರಾಗ ಕಡ್ಡಿ ಹಾಕಿದಾಕಿ ನಾನು." ಎಲ್ಲ ಹೇಳಿದೆ.

ಅಮೃತಾ ಕರೆಂಟು ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಎಳ್ಳುಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಸಾಲು, ಕುಂಕುಮದ ಪುಡಿ. ಒಂದು ಸ್ವಿಚ್ಚು ಮೇಲೆದ್ದಿತ್ತು.

"ವೇಗದ ಸ್ವಿಚ್ಚು ಇದ, ಕಡ್ಡಿ ತಾಗಿ ಸರಿದೈತಿ," ಎಂದಳು. ತಲೆಯ ಪಿನ್ನು ಕಿತ್ತು ಅದನ್ನು ಕೆಳಗೆ ಒತ್ತಿದಳು. ಕರೆಂಟು ಕೊಟ್ಟಳು. ನಾನು ಕಣ್ಣು ಮುಚ್ಚಿದೆ.

"ಮೂವತ್ತೆಂಟು!" ಹಾಜಿಸಾಬ ಪಿಎಲ್‌ಸಿಯ ಪರದೆಯ ಮೇಲೆ ಓದಿದ. ಬಿಸಿಗಾಳಿಯ ಬ್ಲೋವರು ಗುಂಯ್ ಎಂದಿತು.

ಸಾಹುಕಾರರು ಫೋನು ಜೇಬಿಗಿಟ್ಟು ಒಂದು ಹಿಡಿ ಭತ್ತ ಮೂಸಿದರು. "ಕೆಟ್ಟಿಲ್ಲ," ಎಂದರು. ನನ್ನ ಕಡೆ ತಿರುಗಿ, "ಅನ್ನಮ್ಮಾ, ಪೂಜಿ ಮಾಡು, ಬ್ಯಾಡ ಅನ್ನಂಗಿಲ್ಲ. ಕಡ್ಡಿ ಹಾಕಿದ್ರ ನಿನ್ನನ್ನ ಡ್ರೈಯರಿನಾಗ ಹಾಕ್ತೀನಿ," ಎಂದು ಹೊರಟರು.

ಅಮೃತಾ ಮೂರೂ ಮೀಟರುಗಳ ಸಂದಿಗೆ ಟೇಪು ಅಂಟಿಸಿದಳು. ಆಮೇಲೆ ನಿಂತೇ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

"ಅಜ್ಜಿ, ಚೀಲದಾಗ ಕುಂಕುಮ ಐತೇನು? ಈಗ ಹಚ್ಚು."

ಮೀಟರಿನ ಮೇಲೆ, ಸಂದಿಯಿಂದ ನಾಲ್ಕು ಬೆರಳು ದೂರ, ಹಚ್ಚಿದೆ.