ಯಾವ ಅಂಚು ಮೇಲೆ

ಕೈ ಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ತಮ್ಮನ ನಿಶ್ಚಿತಾರ್ಥದ ಬೆಳಿಗ್ಗೆ ಕೀಲ್ಪಾಕಿನ ನಮ್ಮ ಫ್ಲ್ಯಾಟಿನಲ್ಲಿ ಹಾಲಿಗೂ ರೂಮಿಗೂ ಅದೆಷ್ಟು ಸಲ ಓಡಾಡಿದೆನೋ. ಹುಡುಗಿ ಜಪಾನಿನವಳು, ತಮ್ಮನ ಆಫೀಸಿನಲ್ಲೇ ಕೆಲಸ. ಮಂಡಿ ಆಪರೇಷನ್ ಆಗಿದ್ದ ಅವಳ ತಾಯಿ ಬರಲಾಗದೆ, ತಾವು ಹುಡುಗಿಯಾಗಿದ್ದಾಗ ಉಟ್ಟಿದ್ದ ರೇಷ್ಮೆ ಕಿಮೋನೋ ಕಳಿಸಿದ್ದರು. ಈಗ ಬೀರುವಿಗೆ ಒರಗಿಸಿಟ್ಟ ಫೋನಿನಲ್ಲಿ ಮಗಳು ಅದನ್ನು ಉಡುವುದನ್ನು ನೋಡುತ್ತಿದ್ದರು.

ಕೆಳಗಿನ ಅಂಚಿನಿಂದ ಮೇಲಕ್ಕೆ ಹಾರುವ ಬಿಳಿ ಕ್ರೌಂಚಪಕ್ಷಿಗಳು, ಅವು ದೀರ್ಘಾಯುಸ್ಸಿಗಂತೆ. ಕಣಕಾಲಿನವರೆಗೆ ಇಳಿಬಿದ್ದ ತೋಳುಗಳು ಮದುವೆಯಾಗದವರಿಗೆ ಮಾತ್ರವಂತೆ. ಮದುವೆಗೆ ಸೀರೆಯೆಂದು ಆಗಲೇ ಮಾತಾಗಿತ್ತು. ಹಾಗಾಗಿ ಅವಳು ಇದನ್ನು ಉಡುವುದು ಇವತ್ತೇ ಕೊನೆ.

ಮುಂದೆ ತೆರೆದ ನಿಲುವಂಗಿಯಂಥ ಅದರ ಬಲ ಅಂಚನ್ನು ಅವಳು ಮೈಗೆ ಸುತ್ತಿ, ಎಡದ್ದನ್ನು ಅದರ ಮೇಲೆ ತಂದು, ಎರಡನ್ನೂ ನನ್ನ ಕೈಗೆ ಕೊಟ್ಟು ತಲೆಗೆ ಪಿನ್ನು ಸಿಕ್ಕಿಸಲು ಕೈ ಎತ್ತಿದಳು. ಬಾಗಿಲಲ್ಲಿದ್ದ ಅಮ್ಮ, "ಎಡಗಡೇದು ಮೇಲೆ ಬಂದಿದೆಯಲ್ಲೇ. ಶುಭಕಾರ್ಯ, ಬಲಗಡೇದು ಮೇಲಿರ್ಲಿ, ಸರಿ ಮಾಡು" ಎಂದರು. ಸೊಸೆ ಬಲಗಾಲಿಟ್ಟೇ ಒಳಗೆ ಬರಬೇಕು ಎನ್ನುವವರು ಅವರು. ನನ್ನ ಕೈಯೋ ಸುಮ್ಮನಿರುವ ಕೈಯಲ್ಲ. ಅದಲುಬದಲು ಮಾಡಿಬಿಟ್ಟೆ.

ಫೋನಿನಲ್ಲಿ ಆ ತಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ಹುಡುಗಿ ಬಗ್ಗಿ ನೋಡಿಕೊಂಡು ಈ ಊರಿಗೆ ಬಂದ ಮೇಲೆ ಕಲಿತ ಹರಕು ತಮಿಳಿನಲ್ಲಿ ಮೆಲ್ಲಗೆ ಹೇಳಿದಳು: "ಅಕ್ಕಾ, ಇಪ್ಪಡಿ ವೇಂಡಾಂ. ಸೆತ್ತವಂಗಳುಕ್ಕು ದಾನ್ ಇಪ್ಪಡಿ." ಅವರಲ್ಲಿ ಹೀಗೆ ಉಡಿಸುವುದು ಹೆಣಕ್ಕೆ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ತಾಯಿ ಈ ಸಂಬಂಧವೇ ಬೇಡವೆಂದುಬಿಟ್ಟರೆ? ಭಾಷೆ ಬಾರದವರಿಗೆ ಏನೆಂದು ತಿಳಿಸಲಿ? ತಟ್ಟನೆ ಹೊಳೆದದ್ದು ಅಪ್ಪನ ಜನಿವಾರ. ಅಮಾವಾಸ್ಯೆಯ ತರ್ಪಣಕ್ಕೆ ಅದನ್ನು ಎಡಭುಜದಿಂದ ಬಲಭುಜಕ್ಕೆ ಬದಲಿಸುತ್ತಾರೆ. ನಮ್ಮಲ್ಲೂ ಸತ್ತವರಿಗೆ ತಿರುಗುಮುರುಗೇ ಎಂದು ತೋರಿಸೋಣವೆಂದು ಫೋನು ಹಿಡಿದು ಹಾಲಿಗೆ ಓಡಿದೆ.

"ಅಪ್ಪ, ಇವರಿಗೆ ಒಂದೇ ಒಂದು ಸಲ ಬಲಕ್ಕೆ ಹಾಕ್ಕೊಂಡು ತೋರಿಸಿ."

ಅಪ್ಪ ಜನಿವಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ತಲೆ ಕೆಟ್ಟಿದೆಯಾ ನಿಂಗೆ? ಮಗನ ನಿಶ್ಚಿತಾರ್ಥದ ದಿನ ತಮಾಷೆಗೂ ಮಾಡಲ್ಲ."

ನನ್ನ ಹಿಂದೆಯೇ ಬಂದಿದ್ದ ಅಮ್ಮ ಆ ಮುಷ್ಟಿಯನ್ನು ನೋಡಿದರು. ನನ್ನ ಕೈಯಿಂದ ಫೋನು ತೆಗೆದುಕೊಂಡು ರೂಮಿಗೆ ಹೋದರು. ಅದನ್ನು ಮೊದಲಿದ್ದಲ್ಲೇ ಇಟ್ಟು, ಹುಡುಗಿಯ ಮುಂದೆ ನೋಯುವ ಮಂಡಿಯೂರಿ, ಬಲ ಅಂಚನ್ನು ಒಳಗೆ ಹಾಕಿ ಎಡದ್ದನ್ನು ಮೇಲೆ ತಂದರು. ಆಮೇಲೆ ಫೋನಿನ ಕಡೆ ತಿರುಗಿ ಸರಿಯೇ ಎಂದು ಕಣ್ಣಲ್ಲೇ ಕೇಳಿದರು. ನನಗೆ ನಾಚಿಕೆಯಾಯಿತು.

ಆ ತಾಯಿ ಫೋನಿಗೆ ಹತ್ತಿರ ಬಗ್ಗಿ ಅಂಚನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕೊನೆಗೆ ಒಂದೇ ಒಂದು ಮಾತು ಹೇಳಿದರು.

"ಏನಂತೆ?" ಎಂದರು ಅಮ್ಮ.

ಹುಡುಗಿ ಕಣ್ಣೊರೆಸಿಕೊಂಡಳು. "ಇನ್ನುಂ ಕೊಂಜಂ ಟೈಟಾ, ಅಮ್ಮಾ."

ಇನ್ನೂ ಸ್ವಲ್ಪ ಬಿಗಿಯಾಗಿ ಎಳೆಯಬೇಕಂತೆ. ಅಮ್ಮ ಎರಡೂ ಕೈಯಲ್ಲಿ ಎಳೆದರು.