ಉಸ್ತಾ ಕೊಟ್ಟ ಮಾತು

ಮೊನ್ನೆ ಅಲ್ ಬರ್ಷಾದ ಆಫೀಸಿನಲ್ಲಿ ಬಿರಿಯಾನಿ ಪಾರ್ಸೆಲ್ ಜೊತೆ ಬಂದ ಒದ್ದೆ ಟಿಶ್ಯೂ ಹರಿದೆ. ನಿಂಬೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಿರಿಯಾನಿ ಮೇಜಿನ ಮೇಲೆ ಉಳಿಯಿತು, ನಾನು ಇದೇ ಊರಿನ ಹಳೇ ಬಡಾವಣೆ ಸತ್ವಾಕ್ಕೆ, ವರ್ಷಗಳ ಹಿಂದಕ್ಕೆ, ಹೋಗಿಬಿಟ್ಟೆ. ಎದ್ದೆ, ಕೂತೆ, ಮತ್ತೆ ಎದ್ದೆ. ಹೊಟ್ಟೆ ಸರಿಯಿಲ್ಲವೇ ಎಂದು ಪಕ್ಕದ ಸೀಟಿನವ ಕೇಳಿದ. ಹೊಟ್ಟೆ ಸರಿಯಾಗಿಯೇ ಇತ್ತು. ಜೇಬಿನ ಫೋನಿನಲ್ಲಿ ಉಸ್ತಾರ ಮಗಳ ಮೆಸೇಜೊಂದು ಉತ್ತರವಿಲ್ಲದೆ ಕೂತಿತ್ತು...

ಆಗ ನಾನು ಸತ್ವಾದ ಹಳೇ ವಿಲ್ಲಾವೊಂದರ ಕೋಣೆಯಲ್ಲಿ ಊರಿನ ಹುಡುಗರ ಜೊತೆ ಇದ್ದೆ. ಅದೇ ರಸ್ತೆಯಲ್ಲಿ ಟರ್ಕಿಯವರೊಬ್ಬರ ಕ್ಷೌರದಂಗಡಿ. ಅವರ ಕಡೆ ಕೈಕೆಲಸ ಬಲ್ಲ ಹಿರಿಯರಿಗೆ ‘ಉಸ್ತಾ’ ಅನ್ನುತ್ತಾರಂತೆ. ನಾವೂ ಹಾಗೇ ಕರೆಯುತ್ತಿದ್ದೆವು. ಕತ್ತರಿಯನ್ನು ಕೂದಲಿಗೆ ತಾಗಿಸುವ ಮೊದಲು ಗಾಳಿಯಲ್ಲೇ ಕಚಕಚ ಅನ್ನಿಸುವುದು, ಎಲ್ಲ ಮುಗಿದ ಮೇಲೆ ಅಂಗೈತುಂಬ ನಿಂಬೆ ಪರಿಮಳದ ಕೊಲೋನ್ ನೀರು ಸುರಿಯುವುದು ಅವರ ಅಭ್ಯಾಸ. ನನ್ನ ಅಭ್ಯಾಸ ಮಿಮಿಕ್ರಿ. ಮ್ಯಾನೇಜರು, ವಿಲ್ಲಾದ ವಾಚ್‌ಮನ್, ಫೋನಿನಲ್ಲಿ ಅಳುವ ನನ್ನ ಅಮ್ಮ, ಆ ಅಮ್ಮನಿಗೆ ‘ಊಟ ಆಯ್ತು’ ಅಂತ ಸುಳ್ಳು ಹೇಳುವ ನಾನು, ಯಾರನ್ನೂ ಬಿಟ್ಟಿರಲಿಲ್ಲ. ಉಸ್ತಾರನ್ನು ಉಸ್ತಾರ ಎದುರೇ ಮಾಡಿ ತೋರಿಸಿ ಒಮ್ಮೆ ಅರ್ಧ ಮೀಸೆ ಕಳೆದುಕೊಂಡದ್ದೂ ಇದೆ.

ಅವರ ಮಗಳು ಅಬುಧಾಬಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಸ್ಕಾಟ್ಲೆಂಡಿನ ಹುಡುಗನನ್ನು ಮೆಚ್ಚಿದಳು. ಹುಡುಗನ ತಂದೆತಾಯಿ ಹೆಣ್ಣು ಕೇಳಲು ಬರುವವರಿದ್ದರು. ಅವರು ಕೇಳಬೇಕು, ಹುಡುಗಿಯ ಅಪ್ಪ ‘ಕೊಟ್ಟೆ’ ಅನ್ನಬೇಕು. ಉಸ್ತಾರ ಊರಿನ ಪದ್ಧತಿ ಅದು. ಮಗಳು ತಾನೇ ಇಂಗ್ಲಿಷಿನಲ್ಲಿ ಹೇಳಿಬಿಡುತ್ತೇನೆ ಅಂದಳಂತೆ. ಉಸ್ತಾ ಉರಿದುಹೋದರು. ನನ್ನ ಮಗಳನ್ನು ಕೇಳಲು ಬಂದಾಗ ನನ್ನ ಬಾಯಿಯಾಗಿ ನನ್ನ ಮಗಳೇ ಮಾತಾಡಬೇಕೇ ಎಂಬುದು ಅವರ ಸಂಕಟ.

ಹಾಗೆ ಶುರುವಾಯಿತು ಅವರ ಇಂಗ್ಲಿಷ್. ಟರ್ಕಿಯವರಿಗೆಂದೇ ಮಾಡಿದ ಪಾಠ, ಫೋನಿನಲ್ಲಿ: ಹಬ್ಬ, ಮದುವೆ, ಸಂಪ್ರದಾಯದ ಶಬ್ದಗಳು. ಉಚ್ಚಾರಣೆಗೆ ಮೇಷ್ಟ್ರು ನಾನು; ನಮ್ಮಿಬ್ಬರ ಮಾತುಕತೆ ಗಿರಾಕಿಗಳಿಂದ ಅವರು ಕಲಿತ ಹರಕು ಹಿಂದಿಯಲ್ಲಿ. ಸುದ್ದಿ ಕೇಳಿ ನನ್ನ ರೂಮಿನ ಉಡುಪಿಯವ ಹೇಳಿದ, “ನೀನು ಇಂಗ್ಲಿಷ್ ಕಲಿಸುವುದಾ ಮಾರಾಯ? ಮದುವೆ ತಪ್ಪಿದ್ರೆ ಆ ಕತ್ತರಿ ಸೀದಾ ನಿನ್ನ ಕುತ್ತಿಗೆಗೇ ಬರ್ತದೆ.”

ಮೊದಲ ಜಗಳ ‘ಹಾಲಿಡೇ’ ಜೊತೆ. ಹಬ್ಬಕ್ಕೂ ಅದೇ, ರಜೆಗೂ ಅದೇ ಎಂದರೆ ಉಸ್ತಾ ಒಪ್ಪಲೇ ಇಲ್ಲ. ಅವರಲ್ಲಿ ಎರಡು ಬೇರೆ ಶಬ್ದ; ನಮ್ಮಲ್ಲೂ ಎರಡು ಎಂದೆ. ಈದ್ ಬಂದರೆ ಊರಿಗೆಲ್ಲ ಹಬ್ಬ, ಕ್ಷೌರಿಕನಿಗೆ ಎಲ್ಲಿಯ ರಜೆ ಎಂದು ಗೊಣಗಿದರು.

ನಿಜವಾದ ಗಲಾಟೆ ಆದದ್ದು ‘ಗಿವ್ ಅವೇ’ ಬಂದಾಗ. ಅಪ್ಪ ಮಗಳನ್ನು ಮದುವೆ ಮಾಡಿಕೊಡುವುದಕ್ಕೆ ಇಂಗ್ಲಿಷಿನವರ ಮಾತು. ನನ್ನ ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ. ಉಸ್ತಾ ಕತ್ತಿ ಕೆಳಗಿಟ್ಟರು. ಆ ಶಬ್ದವನ್ನು ಅವರು ಮಾಲಿನ ಬೋರ್ಡಿನಲ್ಲಿ ಕಂಡಿದ್ದರು, ಶ್ಯಾಂಪೂ ಕೊಂಡರೆ ಬಾಚಣಿಗೆ ಪುಕ್ಕಟೆ. ಅಂಗಡಿಯೊಳಗೇ ಅತ್ತಿಂದಿತ್ತ ನಡೆದರು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದರು, “ಗಿವ್, ಓಕೆ. ಅವೇ, ನೋ.”

ಕೊಡುತ್ತೇನೆ, ದೂರ ಕೊಡುವುದಿಲ್ಲ... ನೊರೆ ಒಣಗುತ್ತಿತ್ತು. ಅವರನ್ನು ಸಮಾಧಾನ ಮಾಡಲು, ನಮ್ಮಲ್ಲೂ ನಿಮ್ಮ ಹಾಗೇ ಹೆಣ್ಣು ಕೇಳುತ್ತಾರೆ, ಹೆಣ್ಣು ಕೊಡುತ್ತಾರೆ ಎಂದೆ. ನಿಮ್ಮ ಶಬ್ದ ಯಾವುದು ಎಂದರು. ‘ಕೊಟ್ಟೆ’ ಎಂದು ಹೇಳಿದೆ. ಅದರಲ್ಲಿ ‘ಅವೇ’ ಇದೆಯೇ ಎಂದು ವಿಚಾರಿಸಿದರು. ಇಲ್ಲ ಎಂದೆ. “ಕೊತ್ತೆ,” ಎಂದು ಬಾಯಲ್ಲಿ ಹೊರಳಿಸಿ ನೋಡಿ ಕತ್ತಿ ಎತ್ತಿಕೊಂಡರು.

ಆಮೇಲೆ ದಿನವೂ ತಾಲೀಮು. ಕುರ್ಚಿಯಲ್ಲಿ ನಾನು ಹುಡುಗನ ಅಪ್ಪ, ಎದೆ ಉಬ್ಬಿಸಿ, ಮೂಗಿನಲ್ಲಿ ಇಂಗ್ಲಿಷ್ ಬಿಟ್ಟು, ನಿಮ್ಮ ಮಗಳನ್ನು ನಮಗೆ ಕೊಡುತ್ತೀರಾ ಎಂದು ಕೇಳುವುದು. ಉಸ್ತಾ ‘ವಿತ್ ಪ್ಲೆಶರ್’ ಅನ್ನಬೇಕು. ಅನ್ನುತ್ತಿರಲಿಲ್ಲ. ಗಾಳಿಯನ್ನು ಕತ್ತರಿಸುತ್ತಿದ್ದರು. ಜಾಸ್ತಿ ಒತ್ತಾಯಿಸಿದರೆ ನನ್ನ ಕೈಗೆ ಇನ್ನಷ್ಟು ಕೊಲೋನ್.

ಹೆಣ್ಣು ಕೇಳುವ ದಿನ ನನ್ನನ್ನೂ ಅಬುಧಾಬಿಗೆ ಕರೆದೊಯ್ದರು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮಗಳ ಫ್ಲ್ಯಾಟು, ಪಕ್ಕದ ಮನೆಯಿಂದ ತಂದ ಕುರ್ಚಿಗಳು. ನನ್ನನ್ನು ‘ಮೈ ಟೀಚರ್’ ಎಂದು ಪರಿಚಯಿಸಿದರು. ನಗು ತಡೆಯಲು ನಾನು ಕಾರ್ಪೆಟ್ ನೋಡಿದೆ. ಹುಡುಗನ ತಾಳ್ಮೆ ನೋಡುವ ತಮ್ಮ ಪದ್ಧತಿಯಂತೆ ಮಗಳು ಅವನ ಕಾಫಿಗೆ ಉಪ್ಪು ಹಾಕಿದ್ದಳು. ಹುಡುಗ ಮುಖ ಕಿವುಚದೆ ಕುಡಿದ.

ಆಗ ಹುಡುಗನ ಅಪ್ಪ ಎದ್ದರು. ನಾನು ಮಾಡಿ ತೋರಿಸಿದ ಎದೆಯೂ ಇಲ್ಲ, ಮೂಗೂ ಇಲ್ಲ. ಬೆವರುತ್ತಿದ್ದ ಸಣ್ಣ ಮನುಷ್ಯ. ಬಾಯಿಪಾಠ ಮಾಡಿಕೊಂಡು ಬಂದ ತುರ್ಕಿ ಭಾಷೆಯಲ್ಲಿ, ತಡವರಿಸುತ್ತ, ಹೆಣ್ಣು ಕೇಳಿದರು!

ಉಸ್ತಾ ಇಂಗ್ಲಿಷಿಗೆ ಸಿದ್ಧರಾಗಿದ್ದವರು. ಅದು ಬೇಡವಾಯಿತು. ತಮ್ಮದೇ ಭಾಷೆ ಕರೆದರೂ ಬರಲಿಲ್ಲ. ಬೆರಳುಗಳು ಗಾಳಿಯಲ್ಲಿ ಇಲ್ಲದ ಕತ್ತರಿ ಆಡಿಸಿದವು. ಮಗಳು ತಟ್ಟೆ ಹಿಡಿದು ನಿಂತೇ ಇದ್ದಳು.

“ಕೊತ್ತೆ,” ಅಂದರು ಉಸ್ತಾ.

ಯಾರಿಗೂ ಅರ್ಥವಾಗಲಿಲ್ಲ. ಹುಡುಗನ ಅಪ್ಪ ಅದನ್ನು ತುರ್ಕಿಯೆಂದು ತಿಳಿದು ಕೈ ಹಿಡಿದು ಕುಲುಕಿದರು. ಮಗಳು ಏನದು ಎಂದು ಕೇಳಿದ್ದಕ್ಕೆ ಉಸ್ತಾ, ನಮ್ಮಜ್ಜಿಯ ಊರಿನ ಹಳೇ ಮಾತು ಎಂದು ಹೇಳಿ ನನ್ನತ್ತ ಕಣ್ಣು ಹೊಡೆದರು. ನಾನು ಮತ್ತೆ ಕಾರ್ಪೆಟ್ ನೋಡಿದೆ.

ಮುಂದೆ ಸತ್ವಾದ ಆ ಅಂಗಡಿಯ ಕಟ್ಟಡ ಕೆಡವಿದರು. ಉಸ್ತಾ ಊರಿಗೆ ಹೋದರು. ಕೆಲವು ಹಬ್ಬಕ್ಕೆ ಫೋನ್ ಮಾಡಿದೆ, ಆಮೇಲೆ... ಮಾಡಬೇಕು ಅಂದುಕೊಂಡೆ, ಅಷ್ಟೇ.

ಮಗಳ ಮೆಸೇಜಿನಲ್ಲಿ ಇದ್ದದ್ದು ಇಷ್ಟು. ಅಪ್ಪ ತೀರಿಕೊಂಡರು. ಮೊಮ್ಮಗಳ ಅಂಗೈಗೆ ಮಿಠಾಯಿ ಇಡುವಾಗಲೂ ‘ಕೊತ್ತೆ’ ಅನ್ನುತ್ತಿದ್ದರು. ಅಜ್ಜಿಯ ಊರಲ್ಲಿ ವಿಚಾರಿಸಿದರೆ ಅಂಥ ಮಾತೇ ಇಲ್ಲವಂತೆ. ನೀನು ಅವರ ಮೇಷ್ಟ್ರಲ್ಲವೇ, ಅದು ಇಂಗ್ಲಿಷೇ?

ಬಿರಿಯಾನಿ ಆರುತ್ತಿತ್ತು. ‘ಗಿವ್ ಅವೇ’ ಎಂದು ಟೈಪ್ ಮಾಡಿ ಅಳಿಸಿದೆ. ಕಡೆಗೆ ಬರೆದೆ: ಅದು ನನ್ನ ಭಾಷೆ. ಕೊಟ್ಟೆ, ಆದರೆ ದೂರ ಅಲ್ಲ, ಎಂದು ಅರ್ಥ. ಅರ್ಧ ಕನ್ನಡದ್ದು, ಉಳಿದರ್ಧ ಉಸ್ತಾರದ್ದು.

ಉತ್ತರ ಕೂಡಲೇ ಬಂತು. ಅವರ ಹಾಗೇ ಒಮ್ಮೆ ಹೇಳಿ ಕಳಿಸು.

ಡ್ರಾಯರಿನಿಂದ ಕತ್ತರಿ ತೆಗೆದು, ಫೋನಿನಲ್ಲಿ ರೆಕಾರ್ಡ್ ಒತ್ತಿ, ಹತ್ತಿರ ಹಿಡಿದು ಗಾಳಿಯಲ್ಲಿ ಕಚಕಚ ಅನ್ನಿಸಿದೆ. ‘ಕೊತ್ತೆ’ ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಕತ್ತರಿಯ ಸದ್ದನ್ನಷ್ಟೇ ಕಳಿಸಿದೆ. ಆ ಕಡೆ ಕೇಳಿಸಿಕೊಂಡದ್ದಕ್ಕೆ ನೀಲಿ ಗುರುತು ಬಂತು. ಅಂಗೈ ಮೂಸಿದೆ... ನಿಂಬೆ ಆರಿಹೋಗಿತ್ತು.